ಹಳೇ ಫ್ರಿಜ್ ಮನೆಯವರು

ಮಾರ್ಚ್ 3, ಸೋಮವಾರ

ಈ ದಿನಚರಿ ಪುಸ್ತಕವನ್ನು ನಮ್ಮ ಅಂಗಡಿಯಲ್ಲಿ ಎರಡು ಬಾಗಿಲಿನ ಫ್ರಿಜ್ ಕೊಂಡವರಿಗೆ ಉಚಿತವಾಗಿ ಕೊಡುತ್ತೇವೆ. ನಾನು ಎರಡು ಬಾಗಿಲಿನ ಫ್ರಿಜ್ ಕೊಂಡವನಲ್ಲ. ಆದರೆ ಮಾರಿದವನು. ಎಷ್ಟು ಮಾರಿದ್ದೇನೆಂದರೆ, ಅವುಗಳ ಬಾಗಿಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಒಂದು ಸಾಧಾರಣ ಊರಿಗೆ ಬೇಲಿ ಕಟ್ಟಬಹುದು. ಆದ್ದರಿಂದ ಒಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಂದದ್ದು ಕಳ್ಳತನವಲ್ಲವೆಂದು ನನ್ನ ಆತ್ಮಸಾಕ್ಷಿ ತೀರ್ಪು ಕೊಟ್ಟಿದೆ.

ಬರೆಯಲು ಕೂತದ್ದಕ್ಕೆ ಕಾರಣವಿದೆ. ಇವತ್ತು ಬೆಳಿಗ್ಗೆ ಮಾಲೀಕರು ನಮ್ಮನ್ನೆಲ್ಲ ವಾಷಿಂಗ್ ಮಷೀನುಗಳ ನಡುವೆ ನಿಲ್ಲಿಸಿ, ಮಳಿಗೆಯ ಮೇಲ್ವಿಚಾರಕರು ನಿವೃತ್ತರಾಗುತ್ತಿದ್ದಾರೆ ಎಂದರು. ಏಪ್ರಿಲ್ ಏಳರ ಸೋಮವಾರ ಹೊಸ ಹೆಸರು ಹೇಳುತ್ತಾರಂತೆ. ಅಲ್ಲಿಯವರೆಗೆ ಯಾರ ಮಾರಾಟ ಹೆಚ್ಚೋ, ಮೇಲ್ವಿಚಾರಕರ ಗಾಜಿನ ಕೋಣೆ ಅವರಿಗೆ.

ಗಾಜಿನ ಕೋಣೆಯಲ್ಲಿ ಒಂದು ಕುರ್ಚಿ ಇದೆ. ಅದು ತಿರುಗುತ್ತದೆ, ಮೇಲೆ ಕೆಳಗೆ ಆಗುತ್ತದೆ, ಅದಕ್ಕೆ ಕೈಗಳಿವೆ. ನಾನು ಹದಿನಾಲ್ಕು ವರ್ಷದಿಂದ ನಿಂತಿದ್ದೇನೆ. ನಮ್ಮಲ್ಲಿ ಮಾರುವವನು ಕೂರುವಂತಿಲ್ಲ. ಕೂತವನನ್ನು ಕಂಡರೆ ಗಿರಾಕಿಗೂ ಕೂರಬೇಕೆನ್ನಿಸುತ್ತದೆ, ಕೂತ ಗಿರಾಕಿ ಯೋಚಿಸುತ್ತಾನೆ, ಯೋಚಿಸಿದ ಗಿರಾಕಿ ಮನೆಗೆ ಹೋಗುತ್ತಾನೆ ಎಂಬುದು ಮಾಲೀಕರ ಸಿದ್ಧಾಂತ. ಸಿದ್ಧಾಂತ ಅವರದು, ಹಿಮ್ಮಡಿ ನನ್ನದು. ಸಂಜೆ ಏಳಕ್ಕೆ ಅದು ನನ್ನ ಹೆಸರು ಹಿಡಿದು ಬೈಯುತ್ತದೆ.

ನನಗೆ ಪದವಿ ಬೇಡ, ಪಟ್ಟ ಬೇಡ. ಆ ಕುರ್ಚಿ ಬೇಕು.

ಎದುರಾಳಿ ಒಬ್ಬನೇ. ಅವನನ್ನು ಎಲ್ಲರೂ ಟೈ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ದಿನ ಕಟ್ಟಿದ್ದನ್ನು ಇನ್ನೂ ಬಿಚ್ಚಿಲ್ಲವೆಂದು ವದಂತಿ. ನೆಗಡಿಯಾದವನಿಗೂ ಐಸ್ ಟ್ರೇ ಮಾರಬಲ್ಲ. ಆದರೆ ನನ್ನ ಹತ್ತಿರ ಇರುವ ಒಂದು ವಾಕ್ಯ ಅವನ ಹತ್ತಿರ ಇಲ್ಲ. ಗಿರಾಕಿ ತನ್ನ ಮನೆಯ ಹಳೆಯದರ ಬಗ್ಗೆ ಬಾಯಿ ತೆರೆದ ಕೂಡಲೇ ನಾನು ಎರಡು ಕ್ಷಣ ಮೌನ ಆಚರಿಸಿ, "ಅದಕ್ಕೆ ಇನ್ನು ಹಾಕೋದೆಲ್ಲ ದಂಡ ಸಾರ್" ಎನ್ನುತ್ತೇನೆ. ಡಾಕ್ಟರು ಕನ್ನಡಕ ತೆಗೆದು ಹೇಳುವ ಧಾಟಿ. ಅಲ್ಲಿಗೆ ಮುಗಿಯಿತು.

ಮಾರ್ಚ್ 4, ಮಂಗಳವಾರ

ಮನೆಗೆ ಬಂದರೆ ಹೆಂಡತಿ ಕರೆಂಟಿನ ಮೀಟರಿನ ಮುಂದೆ ಟಾರ್ಚ್ ಹಿಡಿದು ನಿಂತಿದ್ದಳು.

ಅವಳು ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ಇವತ್ತಿನ ಪಾಠ, ಮನೆಯಲ್ಲಿ ಕರೆಂಟು, ನೀರು, ಸಾಮಾನು ವ್ಯರ್ಥವಾಗದಂತೆ ಬಾಳುವುದು ಹೇಗೆ ಎಂಬುದು. ಪಾಠ ಮುಗಿದ ಮೇಲೆ ಒಂದು ಹುಡುಗಿ ಎದ್ದು, "ಟೀಚರ್, ನಿಮ್ಮನೇಲಿ ಹೀಗೆ ಮಾಡ್ತೀರಾ?" ಎಂದು ಕೇಳಿದಳಂತೆ. ಲೋಕದಲ್ಲಿ ಉಳಿದೆಲ್ಲ ಟೀಚರುಗಳು ಇಂಥ ಪ್ರಶ್ನೆಗೆ "ಕೂತ್ಕೋ" ಎನ್ನುತ್ತಾರೆ. ನನ್ನ ಹೆಂಡತಿ, ಇನ್ನು ಪ್ರತಿ ಸೋಮವಾರ ಬೋರ್ಡಿನ ಮೂಲೆಯಲ್ಲಿ ನಮ್ಮ ಮನೆಯ ವಾರದ ಯೂನಿಟ್ಟು, ಕಸದ ಬಕೆಟ್ಟುಗಳ ಲೆಕ್ಕ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಾಳೆ.

"ನಮ್ಮನೆ ಕಸ ನಲವತ್ತೊಂದು ಮಕ್ಕಳಿಗ್ಯಾಕೆ?" ಅಂದೆ.

"ಮಾತು ಕೊಟ್ಟಾಯ್ತು ರೀ."

ಮಾವ ಪಕ್ಕದ ಕೋಣೆಯಿಂದಲೇ ದನಿ ಸೇರಿಸಿದರು. ಅವರು ನಿವೃತ್ತ ಲಿಫ್ಟ್ ಮೆಕ್ಯಾನಿಕ್, ಮಗಳ ಮನೆಯಲ್ಲಿರುತ್ತಾರೆ, ನನ್ನನ್ನು ಬಹುವಚನದಲ್ಲೇ ಬೈಯುತ್ತಾರೆ.

"ಅಳಿಯಂದಿರೇ, ಬಚ್ಚಲಲ್ಲಿ ಲೈಟ್ ಉರೀತಿದೆ. ಒಳಗೆ ಯಾರಾದ್ರೂ ಇದಾರಾ, ಇಲ್ಲ ಲೈಟೇ ಸ್ನಾನ ಮಾಡ್ತಿದ್ಯಾ?"

ಮಾರ್ಚ್ 8, ಶನಿವಾರ

ಶುಭ ಸಮಾಚಾರ. ನಮ್ಮ ಫ್ರಿಜ್ ತೀರಿಕೊಂಡಿತು.

ಹತ್ತೊಂಬತ್ತು ವರ್ಷ. ತುಂಬು ಜೀವನ. ಬೆಳಿಗ್ಗೆ ಹಾಲು ತೆಗೆಯಲು ಹೋದರೆ ಒಳಗೆ ಹೊರಗಿನಷ್ಟೇ ಸೆಕೆ. ನಾನು ಎರಡು ಕ್ಷಣ ಮೌನ ಆಚರಿಸಿ, ನನ್ನ ವಾಕ್ಯವನ್ನು ಮನೆಯಲ್ಲೂ ಹೇಳಿದೆ. ನಾಳೆಯೇ ಹೊಸದು ತರುತ್ತೇನೆ, ಅದೂ ನನ್ನ ಮಾರಾಟಕ್ಕೇ ಸೇರುತ್ತದೆ, ಕುರ್ಚಿಗೆ ಒಂದು ಗೇಣು ಹತ್ತಿರ.

"ಯಾರು ಹೇಳಿದ್ದು ಸತ್ತಿದೆ ಅಂತ?" ಎಂದರು ಮಾವ.

"ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾವ."

"ಮಾರೋ ಕೆಲಸ. ಒಮ್ಮೆಯಾದ್ರೂ ಒಂದರ ಬೆನ್ನು ನೋಡಿದೀರಾ?"

ನೋಡಿರಲಿಲ್ಲ. ಅಂಗಡಿಯಲ್ಲಿ ಫ್ರಿಜ್‌ಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತವೆ, ರಾಜರ ಹಾಗೆ. ಮಾವ ಪ್ಲಗ್ ಕಿತ್ತು, ನಮ್ಮದನ್ನು ತಿರುಗಿಸಿ, ನನ್ನ ಕೈಗೊಂದು ಬ್ರಷ್ ಕೊಟ್ಟರು. ಬೆನ್ನ ಹಿಂದಿನ ಕೊಳವೆಗಳ ಮೇಲೆ ಹತ್ತೊಂಬತ್ತು ವರ್ಷದ ಧೂಳು ಕಂಬಳಿಯಂತೆ ಹೊದ್ದುಕೊಂಡಿತ್ತು. ಬಿಸಿ ಹೊರಗೆ ಹೋಗಬೇಕಾದ ಜಾಗವಂತೆ ಅದು. ಕಂಬಳಿ ಹೊದ್ದಿರುವುದಕ್ಕೆ ತಂಪು ಮಾಡು ಅಂದರೆ ಹೇಗೆ ಮಾಡುತ್ತದೆ, ಪಾಪ. ಆಮೇಲೆ ಕಂಪ್ರೆಸರಿನ ಪಕ್ಕದಿಂದ, ಅದನ್ನು ಚಾಲೂ ಮಾಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ ಒಂದನ್ನು ಎಳೆದು, ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಹೋಗಿದೆ. ಇದಿಷ್ಟೇ" ಎಂದರು. ಚೌಕದ ಹತ್ತಿರದ ಬಿಡಿಭಾಗದ ಅಂಗಡಿಯಲ್ಲಿ ಹೊಸದು ಸಿಕ್ಕಿತು.

ಮಧ್ಯಾಹ್ನ ಮೂರಕ್ಕೆ ಫ್ರಿಜ್ ಗುರ್ ಎಂದಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ನಾನು ಸೂತಕದಲ್ಲಿದ್ದೆ.

ಮಾರ್ಚ್ 10, ಸೋಮವಾರ

ಬೋರ್ಡಿನ ಮೇಲೆ: ಮೂವತ್ತೊಂದು ಯೂನಿಟ್ಟು, ಆರು ಬಕೆಟ್ಟು. ಮಕ್ಕಳು "ಅಯ್ಯೋ" ಎಂದರಂತೆ. ಫ್ರಿಜ್ ಸತ್ತು ಬದುಕಿದ ಕಥೆಯನ್ನೂ ಹೆಂಡತಿ ಹೇಳಿದ್ದಾಳೆ. "ನಿಮ್ಮ ಹೆಸರು ಎತ್ತಲಿಲ್ಲ" ಎಂದಳು. ಟೀಚರಮ್ಮನಿಗೆ ಗಂಡ ಒಬ್ಬನೇ ಎಂಬುದು ಮಕ್ಕಳಿಗೆ ಗೊತ್ತಿಲ್ಲವೇನೋ.

ಮಾರ್ಚ್ 12, ಬುಧವಾರ

ಗೊತ್ತಿದೆ.

ಇವತ್ತು ಆ ತರಗತಿಯ ಹುಡುಗನೊಬ್ಬನ ತಾಯಿ ಅಂಗಡಿಗೆ ಬಂದು, ಟೈಯನ್ನು ದಾಟಿ, ಎಲ್‌ಇಡಿ ಟಿವಿಗಳನ್ನು ದಾಟಿ, ನೇರ ನನ್ನ ಮುಂದೆ ನಿಂತರು. "ಹಳೇ ಫ್ರಿಜ್ ಮನೆಯವರು ನೀವೇ ಅಲ್ವಾ?"

ಹಿಂದೆ ಹನ್ನೆರಡು ಹೊಸ ಫ್ರಿಜ್‌ಗಳು ಕೇಳಿಸಿಕೊಳ್ಳುತ್ತಿದ್ದವು. ಟೈ ಕೇಳಿಸಿಕೊಂಡ. ನಕ್ಕ. ಅವನಿಗೆ ಮೂವತ್ತೆರಡಕ್ಕಿಂತ ಹೆಚ್ಚು ಹಲ್ಲುಗಳಿವೆ.

"ನಮ್ಮದೂ ಹದಿನೈದು ವರ್ಷದ್ದು. ಬೆನ್ನು ಹ್ಯಾಗೆ ಒರೆಸೋದು ಅಂತ ಹೇಳ್ತೀರಾ?"

ಹೊಸ ಮಾದರಿ ತೋರಿಸೋಣವೆಂದುಕೊಂಡೆ. ಆದರೆ ಆಕೆ ಅವಸರದಲ್ಲಿದ್ದರು. ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ, ಮೇಲಿಂದ ಕೆಳಕ್ಕೆ, ಗೋಡೆಯಿಂದ ಒಂದು ಗೇಣು ದೂರ ಇಡಿ ಎಂದೆ. ಅವಸರದವರಿಗೆ ಮಾರಲಾಗುವುದಿಲ್ಲ, ಅಷ್ಟೇ.

ಮಾರ್ಚ್ 15, ಶನಿವಾರ

ಮನೆಯಲ್ಲಿ ಗೊಬ್ಬರದ ಬಕೆಟ್ ಸ್ಥಾಪನೆಯಾಗಿದೆ. ತರಕಾರಿ ಸಿಪ್ಪೆ ಒಂದು ಪದರ, ಒಣಗಿದ್ದು ಒಂದು ಪದರ. ಒಣ ಇಲಾಖೆ ನನ್ನದು: ಅಂಗಡಿಯಲ್ಲಿ ಬಿದ್ದಿರುವ ರಟ್ಟಿನ ಪೆಟ್ಟಿಗೆಗಳನ್ನು ಚೂರು ಮಾಡಿ ಹಾಕಬೇಕು. ಬಕೆಟ್ ಒದ್ದೆಯಾಗಿ ನಾರಲು ಶುರುವಾಗಿತ್ತು. ನನಗೊಂದು ಮಹತ್ತರ ಉಪಾಯ ಹೊಳೆಯಿತು. ಹೊಸ ಫ್ರಿಜ್‌ಗಳ ಪೆಟ್ಟಿಗೆಯಲ್ಲಿ ತೇವ ಹೀರುವ ಪುಟ್ಟ ಪುಟ್ಟ ಪೊಟ್ಟಣಗಳು ಬರುತ್ತವಲ್ಲ, ಅವನ್ನು ಒಂದು ವಾರ ಶ್ರದ್ಧೆಯಿಂದ ಕೂಡಿಟ್ಟು, ನಲವತ್ತು ಪೊಟ್ಟಣ ಒಟ್ಟಿಗೆ ಸುರಿದೆ. ತೇವ ಹೀರುವುದೇ ಅವುಗಳ ಜೀವನದ ಗುರಿ.

ಮಾವ ಬಕೆಟ್ಟಿಗೆ ಕೈ ಹಾಕಿ, ಒಂದೊಂದನ್ನೇ ಹೊರಗೆ ತೆಗೆದು, ನೆಲದ ಮೇಲೆ ಸಾಲಾಗಿ ಜೋಡಿಸಿದರು.

"ಅಳಿಯಂದಿರೇ, ಇದು ಮಣ್ಣಾಗಬೇಕು. ಹುಳ ಬರಬೇಕು ಇಲ್ಲಿ. ನೀವು ಅದನ್ನ ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸ್ತೀರಾ?"

ಹೆಂಡತಿ ನಗುತ್ತಾ ನಗುತ್ತಾ ಬಾಗಿಲು ಹಿಡಿದುಕೊಂಡಳು. ಇದು ಬೋರ್ಡಿಗೆ ಹೋಗಕೂಡದು ಎಂದು ಆಣೆ ಹಾಕಿಸಿದ್ದೇನೆ. ಇನ್ನಷ್ಟು ರಟ್ಟು ಹಾಕಿ ಕಲಸಿದ ಮೇಲೆ ನಾತ ನಿಂತಿತು. ಇಷ್ಟೇ ಆಗಿದ್ದರೆ ನನಗೆ ಮೊದಲೇ ಹೇಳಬಹುದಿತ್ತು. ಹೇಳಿದ್ದರಂತೆ.

ಮಾರ್ಚ್ 18, ಮಂಗಳವಾರ

ಇಪ್ಪತ್ತನಾಲ್ಕು ಯೂನಿಟ್ಟು, ಮೂರು ಬಕೆಟ್ಟು. ಮಕ್ಕಳು ಈ ಸಲ ಸುಮ್ಮನಿದ್ದರಂತೆ. ನನಗ್ಯಾಕೋ ಸ್ವಲ್ಪ ಕೋಪ ಬಂತು. ಇಷ್ಟು ಇಳಿದಿದೆ, ಒಂದು ಚಪ್ಪಾಳೆ ಹೊಡೆಯಬಾರದೆ?

ವಾಷಿಂಗ್ ಮಷೀನನ್ನು ಈಗ ತುಂಬುವವರೆಗೆ ಹಾಕುವುದಿಲ್ಲ, ಹಾಕಿದರೂ ತಣ್ಣೀರು. ಒಣಗಿಸುವ ಮಷೀನಿಗೆ ಪೂರ್ಣ ವಿಶ್ರಾಂತಿ. ಬಾಲ್ಕನಿಯಲ್ಲಿ ಹಗ್ಗ ಕಟ್ಟಿದ್ದೇವೆ. ನನ್ನ ಅಂಗಿಗಳು ಗಾಳಿಗೆ ತೋಳು ಬೀಸುತ್ತಾ ಎದುರು ಮನೆಯವರನ್ನು ಊಟಕ್ಕೆ ಕರೆಯುತ್ತಿರುತ್ತವೆ.

ಮಾರ್ಚ್ 21, ಶುಕ್ರವಾರ

ಹಿಮ್ಮಡಿ. ಇನ್ನೇನೂ ಇಲ್ಲ.

ಮಾರ್ಚ್ 24, ಸೋಮವಾರ

ಮಾಲೀಕರು ಮಾರಾಟದ ಪಟ್ಟಿ ಅಂಟಿಸಿದರು. ಟೈ ಮೊದಲನೆಯವನು. ನಾನು ಎರಡನೆಯವನು, ಹನ್ನೊಂದು ಹಿಂದೆ. ಹನ್ನೊಂದು!

ಕಾರಣಗಳನ್ನು ಶಾಂತವಾಗಿ ವಿಶ್ಲೇಷಿಸಿದ್ದೇನೆ. ಒಂದು, ಪರೀಕ್ಷೆಯ ಕಾಲ, ಜನ ಕೊಳ್ಳುವುದಿಲ್ಲ. (ಟೈ ಹತ್ತಿರ ಕೊಳ್ಳುತ್ತಾರೆ, ಅವರಿಗೆ ಮಕ್ಕಳಿಲ್ಲವೇನೋ.) ಎರಡು, ನನ್ನ ಬೂಟು. ಮೂರು, ನನ್ನ ಹತ್ತಿರ ಬರುವವರೆಲ್ಲ ಏಳನೇ ತರಗತಿಯ ತಂದೆತಾಯಿಗಳು. ಈ ವಾರ ಬಂದ ಒಂಬತ್ತು ಜನರಲ್ಲಿ ಆರು ಜನ ಏನನ್ನೂ ಕೊಳ್ಳಲು ಬಂದಿರಲಿಲ್ಲ. ಉಳಿದ ಮೂವರು ಕೊಳ್ಳಲು ಬಂದಿದ್ದರು, ಕೊಳ್ಳದೆ ಹೋದರು. ಒಬ್ಬರ ಮನೆಯಲ್ಲಿ ತರಕಾರಿ ಡಬ್ಬಿಯ ಕೆಳಗೆ ನೀರು ನಿಲ್ಲುತ್ತಿತ್ತು. ಒಳಗಡೆ ಹಿಂದಿನ ಗೋಡೆಯ ಕೆಳಗೆ ಒಂದು ತೂತು ಇರುತ್ತದೆ, ಕಟ್ಟಿಕೊಂಡಿರುತ್ತದೆ, ಬಿಸಿನೀರು ಬಿಡಿ ಎಂದೆ. ಇನ್ನೊಬ್ಬರದು ಬಾಗಿಲಿನ ರಬ್ಬರು. ಒಂದು ಚೂರು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ, ಸಲೀಸಾಗಿ ಬಂದರೆ ತಂಪು ಅಲ್ಲಿಂದಲೇ ಓಡಿಹೋಗುತ್ತಿದೆ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಮೆತ್ತಗೆ ಮಾಡಿ ಎಂದೆ.

ನನ್ನ ವಾಕ್ಯವನ್ನು ಹೇಳಲು ಪುರುಸೊತ್ತೇ ಸಿಗುತ್ತಿಲ್ಲ. ನಾಳೆಯಿಂದ ಬಿಗಿಯಾಗಬೇಕು.

ಮಾರ್ಚ್ 25, ಮಂಗಳವಾರ

ಬಿಗಿಯಾದೆ. ಒಬ್ಬ ಹಿರಿಯರ ಹಳೇ ಫ್ರಿಜ್ಜಿಗೆ ಎರಡು ಕ್ಷಣ ಮೌನ ಆಚರಿಸಿದೆ. "ಅದಕ್ಕೆ ಇನ್ನು ಹಾಕೋದೆಲ್ಲ..." ಎಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ರಿಲೇ ಇರಬಹುದು" ಎಂದೆ.

ಮಾರ್ಚ್ 31, ಸೋಮವಾರ

ಹದಿನೇಳು ಯೂನಿಟ್ಟು, ಒಂದು ಬಕೆಟ್ಟು. ಮಕ್ಕಳು ಚಪ್ಪಾಳೆ ಹೊಡೆದರಂತೆ! ಹಿಂದಿನ ಬೆಂಚಿನವನೊಬ್ಬ ಸೀಟಿ ಹಾಕಿ ಬೈಸಿಕೊಂಡನಂತೆ. ಹೆಂಡತಿ ಹೇಳುತ್ತಿದ್ದಾಗ ನಾನು ಎರಡು ಸಲ ಕೇಳಿಸಿಕೊಂಡೆ. ಎರಡನೆಯ ಸಲ, ಸೀಟಿಯ ಭಾಗ ಮಾತ್ರ.

ಟೈ ಹದಿನಾರು ಮುಂದೆ. ನಾನು ಮೂರನೆಯವನು. ನಿಂತು ನಿಂತು ಕಾಲಿನಲ್ಲಿ ನರವೊಂದು ಗಂಟು ಹಾಕಿಕೊಂಡಿದೆ. ಗಾಜಿನ ಕೋಣೆಯ ಮುಂದೆ ಹಾದುಹೋಗುವಾಗ ಆ ಕಡೆ ನೋಡುವುದಿಲ್ಲ. ಅಂದರೆ, ನೇರವಾಗಿ ನೋಡುವುದಿಲ್ಲ.

ಏಪ್ರಿಲ್ 3, ಗುರುವಾರ

ಮಾಲೀಕರು ಗಾಜಿನ ಕೋಣೆಗೆ ಕರೆದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಬಾಗಿಲು ಹಾಕಿ, ಪರದೆ ಎಳೆದು, ದನಿ ಇಳಿಸಿದರು.

"ನಮ್ಮನೇಲಿ ಒಂದು ಫ್ರಿಜ್ ಇದೆ," ಎಂದರು, ಮನೆಯಲ್ಲಿ ಹುಲಿ ಇದೆ ಎನ್ನುವ ಹಾಗೆ.

"ಇರಬೇಕಲ್ಲ ಸಾರ್."

"ಇಪ್ಪತ್ತೇಳು ವರ್ಷದ್ದು."

ನನ್ನ ಕೈಗಳು ತಾವಾಗಿಯೇ ಮುಗಿದವು.

"ಊರಿಗೆಲ್ಲ ಹೊಸದು ಮಾರೋ ನನ್ನ ಅಡುಗೆಮನೇಲಿ ಅದು ನಿಂತಿದೆ ಕಣ್ರೀ. ನೆಂಟರು ಬಂದ್ರೆ ಅಡುಗೆಮನೆ ಬಾಗಿಲು ಹಾಕ್ತೀನಿ. ಹಾಲು ಒಡೆಯತ್ತೆ, ಹಗಲೂ ರಾತ್ರಿ ಗುಂಯ್ ಅನ್ನತ್ತೆ. ಅಮ್ಮ ಬಿಡಲ್ಲ. 'ಮಾರೋ ನಿನ್ನ ಕಣ್ಣಿಗೆ ಎಲ್ಲಾ ಸತ್ತ ಹಾಗೇ ಕಾಣತ್ತೆ' ಅಂತಾರೆ."

ಅವರ ಮಗಳು ನನ್ನ ಹೆಂಡತಿಯ ತರಗತಿಯಲ್ಲಿದ್ದಾಳೆ. ಬೋರ್ಡಿನ ವರದಿ ಪ್ರತಿ ಸೋಮವಾರ ಸಂಜೆ ಅಜ್ಜಿಗೆ ತಲುಪುತ್ತದೆ. ಹಳೇ ಫ್ರಿಜ್ ಮನೆಯವರೇ ಬಂದು ನೋಡಿ ಸತ್ತಿದೆ ಎಂದರೆ ಒಪ್ಪಿಕೊಳ್ಳುತ್ತೇನೆ ಎಂದು ಅಜ್ಜಿ ಮಾತು ಕೊಟ್ಟಿದ್ದಾರೆ.

"ಭಾನುವಾರ ಬನ್ನಿ. ಒಂದೇ ಮಾತು ಹೇಳಿ ಹೋಗಿ. ಮಾರಾಟದಲ್ಲಿ ನೀವು ಹಿಂದಿದೀರಿ, ನಿಜ. ಆದ್ರೆ ಸೋಮವಾರ ಹೆಸರು ಹೇಳೋನು ನಾನು." ಹಾಗೆನ್ನುತ್ತಾ, ಎದ್ದು, ಕುರ್ಚಿಯನ್ನು ನನ್ನ ಕಡೆ ಒಂದು ಸುತ್ತು ತಿರುಗಿಸಿದರು. "ಕೂತು ನೋಡಿ."

ಕೂತೆ.

ಅದರ ವರ್ಣನೆ ಈ ಪುಸ್ತಕದಲ್ಲಿ ಬೇಡ.

ಏಪ್ರಿಲ್ 5, ಶನಿವಾರ

ಹೆಂಡತಿಗೆ ಹೇಳಿದೆ. ಪೂರ್ತಿ ಹೇಳಿದೆ. ಅವಳು ಬೈಯಬಹುದು, ಬೈದರೆ ಎದುರು ಮಾತಾಡಬಹುದು ಎಂದು ಉತ್ತರಗಳನ್ನೂ ತಯಾರು ಮಾಡಿಕೊಂಡಿದ್ದೆ. ಇಪ್ಪತ್ತೇಳು ವರ್ಷದ್ದು, ಇವತ್ತಲ್ಲ ನಾಳೆ ಹೋಗುವುದೇ. ಹೊಸದು ಕರೆಂಟು ಕಡಿಮೆ ತಿನ್ನುತ್ತದೆ. ಇದು ಸುಳ್ಳೂ ಅಲ್ಲ. ಒಬ್ಬ ಮಗನಿಗೆ ಮರ್ಯಾದೆ ಉಳಿಯುತ್ತದೆ, ಒಬ್ಬ ಬಡಪಾಯಿಗೆ ಕುರ್ಚಿ ಸಿಗುತ್ತದೆ.

ಅವಳು ಬೈಯಲಿಲ್ಲ. "ನಿಮ್ಮ ಕಾಲು ನಿಮಗೆ ಗೊತ್ತು" ಎಂದಳು. ಉತ್ತರಗಳೆಲ್ಲ ಕೈಯಲ್ಲೇ ಉಳಿದವು.

ಮಾವ ಮಾತ್ರ, "ನಿಜವಾಗ್ಲೂ ಸತ್ತಿದ್ರೆ ಸತ್ತಿದೆ ಅನ್ನೋದಕ್ಕೆ ಏನು ನಾಚಿಕೆ? ನೋಡ್ಕೊಂಡು ಬನ್ನಿ" ಎಂದು ತಮ್ಮ ಪುಟ್ಟ ಟಾರ್ಚನ್ನು ನನ್ನ ಜೇಬಿಗೆ ಹಾಕಿದರು.

ಏಪ್ರಿಲ್ 6, ಭಾನುವಾರ

ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋದೆ. ಸತ್ತಿದೆ. ಸತ್ತಿದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮಾಲೀಕರ ಅಡುಗೆಮನೆ ದೊಡ್ಡದು. ಎಲ್ಲವೂ ಹೊಸದು, ಮೂಲೆಯಲ್ಲಿ ಮಾತ್ರ ಆ ಫ್ರಿಜ್, ಮದುವೆ ಮನೆಯಲ್ಲಿ ಕರೆಯದೆ ಬಂದ ನೆಂಟನ ಹಾಗೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಅಜ್ಜಿ. ಮೊಮ್ಮಗಳು ಬಾಗಿಲಲ್ಲಿ. ಮಾಲೀಕರು ಗೋಡೆಗೆ ಒರಗಿ ಕಣ್ಣಲ್ಲೇ ನನ್ನನ್ನು ಹುರಿದುಂಬಿಸುತ್ತಿದ್ದರು.

"ನೀವೇನಾ ಹದಿನೇಳು ಯೂನಿಟ್ಟಿನವರು?" ಎಂದರು ಅಜ್ಜಿ. "ನೋಡಪ್ಪ. ಬದುಕಿದ್ರೆ ಬದುಕಿದೆ ಅನ್ನು, ಹೋಗಿದ್ರೆ ಹೋಗಿದೆ ಅನ್ನು. ನನಗೆ ಅಳು ಗಿಳು ಏನೂ ಬರಲ್ಲ. ಇವನು ಹೇಳಿದ್ದನ್ನ ನಂಬೋಕಾಗಲ್ಲ, ಅದಕ್ಕೇ ನಿನ್ನ ಕರೆಸಿದ್ದು."

ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆದೆ. ಮೇಲಿನ ಮೂಲೆಯಲ್ಲಿ ಸಲೀಸಾಗಿ ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು. ತಲೆಯಾಡಿಸಿ, ನಿಟ್ಟುಸಿರು ಬಿಟ್ಟು, ಒಂದು ಮಾತು ಹೇಳಿ, ಟೀ ಕುಡಿದು ಬರಬಹುದಿತ್ತು. ಆದರೆ ಬಾಗಿಲು ಬಿಟ್ಟ ಕೂಡಲೇ ಅದು ತಾನೇ ತೆರೆದುಕೊಂಡಿತು. ಇನ್ನೊಮ್ಮೆ ಹಾಕಿದೆ, ಇನ್ನೊಮ್ಮೆ ತೆರೆದುಕೊಂಡಿತು. ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿದೆ. ಮುಂದಿನ ಎರಡು ಸ್ಕ್ರೂ ಪಾದಗಳು ತಿರುಗಿ ತಿರುಗಿ ಒಳಗೆ ಹೋಗಿವೆ. ಇಡೀ ಫ್ರಿಜ್ ಮುಂದಕ್ಕೆ ವಾಲಿದೆ. ಬಾಗಿಲು ಪೂರ್ತಿ ಮುಚ್ಚುವುದೇ ಇಲ್ಲ. ಪಾಪದ್ದು ಹಗಲೂ ರಾತ್ರಿ ಅಡುಗೆಮನೆಯನ್ನೇ ತಂಪು ಮಾಡುತ್ತಾ ಕೂತಿದೆ.

ಎದ್ದು ನಿಂತೆ. ಹಿಮ್ಮಡಿ ಚುರುಕ್ ಎಂದಿತು. ಮಾಲೀಕರು ಕಣ್ಣು ಮಿಟುಕಿಸಿದರು. ಸತ್ತಿದೆ ಎನ್ನಲು ಬಾಯಿ ತೆರೆದೆ.

"ಒಂದು ಸ್ಪ್ಯಾನರ್ ಇದ್ಯಾ?" ಎಂದಿತು ಬಾಯಿ.

ಮುಂದಿನದನ್ನು ಚಿಕ್ಕದಾಗಿ ಬರೆಯುತ್ತೇನೆ. ಪಾದ ಎತ್ತರಿಸಿದೆ. ಬಾಗಿಲು ತಾನೇ ಮುಚ್ಚಿಕೊಂಡಿತು. ರಬ್ಬರಿಗೆ ಬಿಸಿನೀರಿನ ಬಟ್ಟೆ. ಬೆನ್ನಿಗೆ ಬ್ರಷ್. ಒಂದೂವರೆ ಗಂಟೆ. ಮೊಮ್ಮಗಳು ಟಾರ್ಚ್ ಹಿಡಿದಿದ್ದಳು. ಮತ್ತೆ ಪ್ಲಗ್ ಹಾಕಿ ಒಳಗೆ ತಂಪು ತುಂಬಿದ ಮೇಲೆ, ಗುಂಯ್ ಎನ್ನುವ ಸದ್ದು ಇದ್ದಕ್ಕಿದ್ದಂತೆ ನಿಂತಾಗ ಅಡುಗೆಮನೆಯಲ್ಲಿ ಎಂಥ ನಿಶ್ಶಬ್ದವೆಂದರೆ, ಮಾಲೀಕರು ಹಲ್ಲು ಕಡಿಯುವುದು ಕೇಳಿಸಿತು.

"ಕಾಲು ಸೊಟ್ಟಗಿತ್ತು, ಅಷ್ಟೇನಾ?" ಎಂದರು ಅಜ್ಜಿ. ಮಗನ ಕಡೆ ತಿರುಗಿ, "ಆರು ತಿಂಗಳಿಂದ ಶವಯಾತ್ರೆ ಹೊರಡಿಸ್ತಿದ್ಯಲ್ಲೋ!"

ಮಾಲೀಕರು ನನ್ನನ್ನು ಗೇಟಿನವರೆಗೆ ಬಿಡಲು ಬಂದರು. "ಒಂದು ಮಾತು ಕೇಳಿದ್ದೆ ನಿಮ್ಮನ್ನ. ಒಂದೇ ಒಂದು ಮಾತು."

"ಹೌದು ಸಾರ್."

"ಹೇಳೋಕಾಗ್ಲಿಲ್ಲವಾ?"

"ಬದುಕಿತ್ತು ಸಾರ್," ಎಂದೆ. ಹದಿನಾಲ್ಕು ವರ್ಷ ಮಾತಿನಿಂದಲೇ ಅನ್ನ ತಿಂದವನಿಗೆ ಇಂಥ ಹೊತ್ತಲ್ಲಿ ಎರಡೇ ಪದ ಸಿಗುವುದೇ?

ಮನೆಯಲ್ಲಿ ಹೆಂಡತಿ ನನ್ನ ಮುಖ ನೋಡಿದಳು. ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟು ಕಾಲು ಇಳಿಬಿಡಲು ಹೇಳಿದಳು. "ಯೂನಿಟ್ಟು ಹೆಚ್ಚಾಗಲ್ವಾ?" ಅಂದೆ. "ಆಗ್ಲಿ ಬಿಡಿ" ಎಂದಳು. ಬಕೆಟ್ ತುಂಬ ಇತ್ತು ನೀರು.

ಏಪ್ರಿಲ್ 7, ಸೋಮವಾರ

ಟೈ.

ಗಾಜಿನ ಕೋಣೆಯಲ್ಲಿ ಕೂತು ಒಂದು ಸುತ್ತು ತಿರುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಬೇಸರವಾಯಿತೇ? ಆಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆದವನು ಹಾಗೇ ಮುಚ್ಚಿದೆ. ಹದಿನಾಲ್ಕು ವರ್ಷ ಸಣ್ಣ ಅಂಕಿಯಲ್ಲ.

ಟೈ ಮೊದಲ ಆದೇಶ ಹೊರಡಿಸಿದ: ನಾನಿನ್ನು ಫ್ರಿಜ್ ವಿಭಾಗದ ಹತ್ತಿರ ಸುಳಿಯಕೂಡದು. ಮೂಲೆಯ ಸಣ್ಣ ಸಾಮಾನುಗಳ ವಿಭಾಗ ನನಗೆ: ಇಸ್ತ್ರಿಪೆಟ್ಟಿಗೆ, ಮಿಕ್ಸರ್, ಕೂದಲು ಒಣಗಿಸುವುದು. "ಅಲ್ಲಿ ನಿಮ್ಮಿಂದ ಜಾಸ್ತಿ ತೊಂದರೆ ಆಗಲ್ಲ" ಎಂದ. ಒಳ್ಳೆಯ ಹುಡುಗ. ಮುಚ್ಚುಮರೆ ಇಲ್ಲ.

ನಾನೂ ತೀರ್ಮಾನಿಸಿದ್ದೇನೆ. ಇನ್ನು ಬಾಯಿಗೆ ಬೀಗ. ಕೇಳಿದ್ದನ್ನು ತೋರಿಸು, ಪೆಟ್ಟಿಗೆ ಕಟ್ಟು, ಕಳಿಸು. ಹಳೆಯದರ ಸುದ್ದಿ ನನ್ನ ಬಾಯಿಂದ ಬರುವುದಿಲ್ಲ.

ಏಪ್ರಿಲ್ 9, ಬುಧವಾರ

ತೀರ್ಮಾನ ಅಕ್ಷರಶಃ ಪಾಲಿಸಿದೆ. ಇವತ್ತು ಒಬ್ಬರು ಹೊಸ ಇಸ್ತ್ರಿಪೆಟ್ಟಿಗೆ ಕೊಳ್ಳಲು ಬಂದರು. ಹಳೆಯದಕ್ಕೆ ಏನಾಗಿದೆ ಎಂದು ನಾನು ಕೇಳಲೇ ಇಲ್ಲ. ಅವರಾಗಿಯೇ ಚೀಲದಿಂದ ತೆಗೆದು ಮುಂದಿಟ್ಟರು.

ವೈರು ಕಿತ್ತುಹೋಗಿತ್ತು, ಅಷ್ಟೇ. ಹತ್ತು ನಿಮಿಷದ ಕೆಲಸ. ಅವರ ಹಿಂದೆ ಇನ್ನಿಬ್ಬರು ಚೀಲ ಹಿಡಿದು ನಿಂತಿದ್ದರು.